ಸ್ವಿಚ್ಚಿನ ಪಟ್ಟಿ ನೋಡುವ ಅಧಿಕಾರ ಲ್ಯಾಬಿನವರಿಗೂ ಇರಲಿ

ಮಾನ್ಯ ಸಂಪಾದಕರೇ,

ಕಾಲೇಜುಗಳ ಕಂಪ್ಯೂಟರ್ ಲ್ಯಾಬಿನಲ್ಲಿ ನೆಟ್‌ವರ್ಕ್ ನಿಧಾನವಾದಾಗಲೆಲ್ಲ ಕಂಪ್ಯೂಟರುಗಳನ್ನು ಕೇಬಲ್ಲಿನಿಂದ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಯಾದ ಸ್ವಿಚ್ಚಿನ ಪ್ಲಗ್ ಕಿತ್ತು ಮತ್ತೆ ಹಾಕುವುದು ರೂಢಿ. ಅಂಥದೊಂದು ಲ್ಯಾಬ್ ನೋಡಿಕೊಳ್ಳುವ ನಾನೂ ಬಹುಕಾಲ ಅದನ್ನೇ ಮಾಡಿದವನು. ಕಳೆದ ಪರೀಕ್ಷೆಯ ಹೊತ್ತಿಗೆ ಮಾತ್ರ ಆ ಉಪಾಯ ಐದಾರು ನಿಮಿಷಕ್ಕಿಂತ ಹೆಚ್ಚು ಬಾಳಲಿಲ್ಲ. ಆಮೇಲೆ ಅದರ 24 ಪೋರ್ಟುಗಳ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಗಳ, ದೀಪಗಳೂ, ಯಾರೂ ಕೂರದ ಕಂಪ್ಯೂಟರುಗಳವೂ ಸೇರಿ, ಒಂದೇ ತಾಳಕ್ಕೆ ಮಿನುಗತೊಡಗುತ್ತಿದ್ದವು.

ಯಾವ ಮ್ಯಾಕ್ ವಿಳಾಸದ (ಪ್ರತಿ ನೆಟ್‌ವರ್ಕ್ ಕಾರ್ಡಿಗಿರುವ ಗುರುತಿನ ಸಂಖ್ಯೆ) ಯಂತ್ರ ಯಾವ ಪೋರ್ಟಿನಲ್ಲಿದೆ ಎಂಬ ಪಟ್ಟಿಯೊಂದನ್ನು ಸ್ವಿಚ್ಚು ತಾನೇ ಬರೆದುಕೊಳ್ಳುತ್ತದೆ. ಬರುವ ಪ್ರತಿ ಫ್ರೇಮಿನಲ್ಲಿ (ಮಾಹಿತಿಯ ಕಟ್ಟು) ಕಳುಹಿಸಿದವರ ವಿಳಾಸ ನೋಡಿ ಕಲಿಯುವುದೇ ಅದರ ಕ್ರಮವಾದ್ದರಿಂದ, ಮಾತಾಡದ ಯಂತ್ರ ಅದಕ್ಕೆ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ 300 ಸೆಕೆಂಡು ಸುಮ್ಮನಿದ್ದ ಯಂತ್ರದ ವಿಳಾಸವನ್ನು ಅಳಿಸಿಯೂ ಬಿಡುತ್ತದೆ. ಪಟ್ಟಿಯಲ್ಲಿಲ್ಲದ ವಿಳಾಸಕ್ಕೆ ಫ್ರೇಮ್ ಬಂದರೆ, ಅದು ಬಂದ ಪೋರ್ಟೊಂದನ್ನು ಬಿಟ್ಟು ಆ ವಿಎಲ್ಯಾನಿನ (ಬೇರ್ಪಡಿಸಿದ ಪೋರ್ಟುಗಳ ಗುಂಪು) ಉಳಿದ ಎಲ್ಲ ಪೋರ್ಟುಗಳಿಗೂ ಹಂಚುತ್ತದೆ.

ನಮ್ಮ ಸರ್ವರಿಗೆ ಎರಡು ನೆಟ್‌ವರ್ಕ್ ಕಾರ್ಡುಗಳಿದ್ದವು. ಬೇರೆ ಕಟ್ಟಡದಿಂದ ರೂಟರ್ ಮೂಲಕ ಬರುವ ಬ್ಯಾಕಪ್ ಒಂದು ಕಾರ್ಡಿಗೆ ಬಂದರೆ, ಅದರ ಉತ್ತರ ಇನ್ನೊಂದು ಕಾರ್ಡಿನಿಂದ ಬೇರೊಂದು ಸ್ವಿಚ್ಚಿನ ದಾರಿ ಹಿಡಿದು ಹೋಗುತ್ತಿತ್ತು. ಮೊದಲ ಕಾರ್ಡು ಕೇಳಿಸಿಕೊಳ್ಳುತ್ತಿತ್ತೇ ಹೊರತು ಬಾಯಿ ಬಿಡುತ್ತಿರಲಿಲ್ಲ. ನಮ್ಮ ರೂಟರ್ ಒಮ್ಮೆ ತಿಳಿದ ವಿಳಾಸವನ್ನು ನಾಲ್ಕು ಗಂಟೆ ನೆನಪಿಡುತ್ತದೆ, ಸ್ವಿಚ್ಚು ಐದು ನಿಮಿಷಕ್ಕೆ ಮರೆಯುತ್ತದೆ. ಹಾಗಾಗಿ ರೂಟರ್ ಮತ್ತೆ ವಿಚಾರಿಸದೆ ಕಳುಹಿಸುತ್ತಲೇ ಇತ್ತು, ಇಡೀ ಬ್ಯಾಕಪ್ ವಿದ್ಯಾರ್ಥಿಗಳ ಎಲ್ಲ ಪೋರ್ಟುಗಳಿಗೂ ನುಗ್ಗುತ್ತಿತ್ತು. ಪಟ್ಟಿ ತೆರೆದಾಗ ಸರ್ವರಿನ ವಿಳಾಸವೇ ಅಲ್ಲಿ ಇಲ್ಲದ್ದನ್ನು ಕಂಡು ಕಾರಣ ತಿಳಿಯಿತು.

ಮೊದಲು ಆ ವಿಳಾಸವನ್ನು ಪಟ್ಟಿಯಲ್ಲಿ ಶಾಶ್ವತವಾಗಿ ನಮೂದಿಸಿದೆ. ಅದು ಜಾಣತನವೆಂದೇ ಅಂದುಕೊಂಡಿದ್ದೆ. ಗೋಡೆಗೆ ಬಣ್ಣ ಬಳಿಯಲು ಬಂದವರು ಕೇಬಲ್ ಬಿಚ್ಚಿ ಪಕ್ಕದ ಪೋರ್ಟಿಗೆ ಸಿಕ್ಕಿಸಿದ ದಿನ, ಸ್ವಿಚ್ಚು ಹಠ ಹಿಡಿದು ಖಾಲಿ ಪೋರ್ಟಿಗೇ ಮಾಹಿತಿ ಕಳುಹಿಸುತ್ತ ಕೂತಿತು. ಅದನ್ನು ಹುಡುಕಲು ಅರ್ಧ ದಿನ ಹೋಯಿತು. ಕೊನೆಗೆ ಶಾಶ್ವತ ನಮೂದು ತೆಗೆದು, ಬಂದ ಕಾರ್ಡಿನಿಂದಲೇ ಉತ್ತರ ಹೋಗುವಂತೆ ಸರ್ವರನ್ನು ತಿದ್ದಿದೆವು.

ಇಷ್ಟೆಲ್ಲಕ್ಕೂ ಮುನ್ನ ಪಟ್ಟಿ ನೋಡಲು ಬೇಕಾದ ಪಾಸ್‌ವರ್ಡ್ ಸಿಗುವುದಕ್ಕೇ ಎರಡು ದಿನ ಹಿಡಿಯಿತೆಂಬುದು ನನ್ನ ತಕರಾರು. ಅದು ಸ್ವಿಚ್ಚು ಅಳವಡಿಸಿಕೊಟ್ಟವರ ಬಳಿ ಮಾತ್ರ ಇತ್ತು. ಖರೀದಿಯ ಷರತ್ತುಗಳಲ್ಲಿ ಪೋರ್ಟುಗಳ ಸಂಖ್ಯೆ, ವೇಗ ಮತ್ತು ದರ ತಪ್ಪದೆ ಇರುತ್ತವೆ. ವಿಳಾಸಗಳ ಪಟ್ಟಿಯನ್ನು ತೋರಿಸಬಲ್ಲ ಸ್ವಿಚ್ಚೇ ಆಗಿರಬೇಕು, ಒಂದು ಪೋರ್ಟಿನಲ್ಲಿ ಎಷ್ಟು ವಿಳಾಸಗಳಿಗೆ ಅವಕಾಶವೆಂದು ಮಿತಿ ಹಾಕುವಂತಿರಬೇಕು, ಪಟ್ಟಿಯನ್ನು ಓದುವಷ್ಟು ಮಟ್ಟಿಗಾದರೂ ಪಾಸ್‌ವರ್ಡನ್ನು ಲ್ಯಾಬಿನ ಸಿಬ್ಬಂದಿಗೆ ಲಿಖಿತವಾಗಿ ಒಪ್ಪಿಸಬೇಕು ಎಂಬ ಮೂರು ಸಾಲುಗಳನ್ನು ಸಂಬಂಧಪಟ್ಟವರು ಮುಂದಿನ ಟೆಂಡರಿನಲ್ಲಿ ಸೇರಿಸಲಿ ಎಂದು ಕೋರುತ್ತೇನೆ.

ಇಂತಿ,
ಕಾಲೇಜು ಲ್ಯಾಬಿನ ಸಿಬ್ಬಂದಿಯೊಬ್ಬರು, ಹಾವೇರಿ