ಚರ್ಚಿಲ್ಲನ 13 ರೂಪಾಯಿ ಗೊತ್ತು, ಉಳಿದವರ ಲೆಕ್ಕ ಎಲ್ಲಿದೆ?

ಮಾನ್ಯರೇ,

ಬೆಂಗಳೂರು ಕ್ಲಬ್ಬಿನ ಬಗ್ಗೆ ಯಾರೇ ಬರೆಯಲಿ, ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್ ಆ ಕ್ಲಬ್ಬಿಗೆ ಕೊಡದೇ ಉಳಿಸಿದ 13 ರೂಪಾಯಿ ಬಾಕಿಯಿಂದಲೇ ಶುರು ಮಾಡುತ್ತಾರೆ. ಮೊನ್ನೆ ನಿಮ್ಮ ಪತ್ರಿಕೆಯಲ್ಲೂ ಅದೇ ಬಂದಿತ್ತು. ಕಥೆ ನಿಜವೇ. 1896ರಲ್ಲಿ ನಾಲ್ಕನೇ ಹುಸಾರ್ಸ್ ಕುದುರೆ ಪಡೆಯ ಜೊತೆ ಬೆಂಗಳೂರು ದಂಡಿಗೆ, ಅಂದರೆ ಇಂಗ್ಲಿಷರ ಸೈನ್ಯವಿದ್ದ ಕಂಟೋನ್ಮೆಂಟಿಗೆ, ಬಂದಾಗ ಅವನಿಗಿನ್ನೂ 21 ವರ್ಷ. ಇಲ್ಲಿ ಪೋಲೋ ಆಡಿದ, ಗುಲಾಬಿ ಬೆಳೆಸಿದ, ಚಿಟ್ಟೆ ಹಿಡಿದ, ರಾಶಿ ರಾಶಿ ಪುಸ್ತಕ ಓದಿದ. ಆಮೇಲೆ ಹೊರಟು ಹೋದ. 1899ರ ಜೂನ್ ತಿಂಗಳ ಸಭೆಯ ಪುಸ್ತಕದಲ್ಲಿ, ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ ಅವನ ಹೆಸರಿದೆ. ಕ್ಲಬ್ಬಿನವರು ಆ ಪುಸ್ತಕವನ್ನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಅದಕ್ಕೆ ಅವರನ್ನು ಮೆಚ್ಚಲೇಬೇಕು.

ಆದರೆ ಆ 13 ರೂಪಾಯಿಯ ತಟ್ಟೆ, ಲೋಟ ತಂದುಕೊಟ್ಟವನು ಯಾರು? ಅವನ ಸಂಬಳ ಎಷ್ಟಿತ್ತು? ಇದನ್ನು ಯಾರೂ ಕೇಳೋದೇ ಇಲ್ಲ.

ನನಗೆ ಈ ಪ್ರಶ್ನೆ ಬರೋದಕ್ಕೆ ಕಾರಣ ಇದೆ. ನಮ್ಮ ತಾತ ದಂಡಿನ ಒಂದು ಕ್ಲಬ್ಬಿನಲ್ಲಿ ಬಿಲಿಯರ್ಡ್ಸ್ ಮಾರ್ಕರ್ ಆಗಿದ್ದರು. ಯಾವ ಕ್ಲಬ್ಬು ಅನ್ನೋದು ಬೇಡ. ಆಟಗಾರರ ಅಂಕ ಹೇಳೋದು, ಕೋಲಿನ ತುದಿಗೆ ಸೀಮೆಸುಣ್ಣ ಹಚ್ಚಿ ಕೊಡೋದು, ಮೇಜಿನ ಹಸಿರು ಬಟ್ಟೆಗೆ ಬ್ರಶ್ ಹೊಡೆಯೋದು ಅವರ ಕೆಲಸ. ಕ್ಲಬ್ಬಿನಲ್ಲಿ ಕಾಸು ಕೈ ಬದಲಾಗುತ್ತಿರಲಿಲ್ಲ. ಏನೇ ಬೇಕಿದ್ದರೂ ಚೀಟಿ. ಮೆಂಬರು ಚೀಟಿಗೆ ಸೈನು ಹಾಕಬೇಕು, ತಿಂಗಳ ಕೊನೆಗೆ ಬಿಲ್ಲು ಮನೆಗೆ ಹೋಗುತ್ತದೆ. ನಮ್ಮ ತಾತನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ಸೈನು ನೋಡಿದರೆ ಸಾಕು, ಯಾರದು ಅಂತ ಹೇಳಿಬಿಡುತ್ತಿದ್ದರು. ಕೊಕ್ಕರೆ ಕಾಲಿನಂಥ ಗೆರೆ ಅಂದರೆ ಒಬ್ಬ ಕರ್ನಲ್. ಕೊನೆಯಲ್ಲಿ ಎರಡು ಚುಕ್ಕಿ ಇದ್ದರೆ ಡಾಕ್ಟರ್ ಸಾಹೇಬರು. ರಾತ್ರಿ ಊಟಕ್ಕೆ ಕೂತಾಗಲೂ ಅವರ ಬಲಗೈ ಉಗುರಿನ ಸಂದಿಯಲ್ಲಿ ಆ ಸೀಮೆಸುಣ್ಣದ ನೀಲಿ ಪುಡಿ ಇರುತ್ತಿತ್ತು ಅಂತ ನಮ್ಮಮ್ಮ ಹೇಳುತ್ತಿದ್ದರು.

ಕೆಲವು ವರ್ಷಗಳ ಹಿಂದೆ ನಾನು ಆ ಕ್ಲಬ್ಬಿಗೆ ಹೋಗಿ, ಹಳೆಯ ಸಂಬಳದ ಪುಸ್ತಕದಲ್ಲಿ ತಾತನ ಹೆಸರು ನೋಡಬಹುದಾ ಅಂತ ಕೇಳಿದೆ. ಮೆಂಬರಲ್ಲದವರಿಗೆ ತೋರಿಸುವುದಿಲ್ಲ ಅಂದರು. ಗೇಟಿನ ಹತ್ತಿರವೇ ಮಾತು ಮುಗಿಯಿತು. ಮೂವತ್ತು ವರ್ಷ ದಿನಾ ಆ ಗೇಟು ದಾಟಿದವರ ಮೊಮ್ಮಗ ನಾನು. ಬಹಳ ನೋವಾಯಿತು.

ಇದು ಒಂದು ಮನೆಯ ಮಾತು ಅಷ್ಟೇ ಅಲ್ಲ. ಈ ಕ್ಲಬ್ಬುಗಳ ಕಾಗದದಲ್ಲಿ ನಮ್ಮ ಊರಿನ ಕಥೆಯೇ ಇದೆ. ಬೆಂಗಳೂರು ಕ್ಲಬ್ಬು 1868ರಲ್ಲಿ ಹುಟ್ಟಿದಾಗ ಅದರ ಹೆಸರು ಬೆಂಗಳೂರು ಯುನೈಟೆಡ್ ಸರ್ವಿಸ್ ಕ್ಲಬ್, ಅಂದರೆ ಅಧಿಕಾರಿಗಳ ಕ್ಲಬ್ಬು. ಹೆಸರು ಬದಲಾಗಿದ್ದು 1946ರಲ್ಲಿ. ಮಾರನೇ ವರ್ಷ ಇಂಗ್ಲಿಷರು ದಂಡನ್ನು ಮೈಸೂರು ಸಂಸ್ಥಾನಕ್ಕೆ ವಾಪಸು ಕೊಟ್ಟರು. 1949ರಲ್ಲಿ ದಂಡು, ಪೇಟೆ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಆ ಮೂರು ವರ್ಷದ ಸಭೆಗಳಲ್ಲಿ ಒಳಗೆ ಏನೇನು ಮಾತಾಡಿದರು, ಯಾರನ್ನು ಸೇರಿಸಿಕೊಂಡರು, ಯಾರಿಗೆ ಬೇಡ ಅಂದರು? ಚರ್ಚಿಲ್ಲನ ಬಾಕಿಗಿಂತ ನನಗೆ ಇದು ಜಾಸ್ತಿ ಬೇಕು.

ಇನ್ನು ಕಬ್ಬನ್ ಪಾರ್ಕಿನ ಸೆಂಚುರಿ ಕ್ಲಬ್ಬು. ದಂಡಿನ ದೊಡ್ಡ ಕ್ಲಬ್ಬು ಬಿಳಿಯರದ್ದಾಗಿದ್ದ ಕಾಲದಲ್ಲಿ, ದಿವಾನರಾಗಿದ್ದ ವಿಶ್ವೇಶ್ವರಯ್ಯನವರು 1917ರಲ್ಲಿ ಅದನ್ನು ಕಟ್ಟಿಸಿದರು. ಪೇಟ ಸುತ್ತಿದ್ದರು ಅಂತ ಅವರನ್ನೇ ಬಿಳಿಯರ ಕ್ಲಬ್ಬಿನ ಒಳಗೆ ಬಿಡಲಿಲ್ಲ, ಅದಕ್ಕೇ ಕಟ್ಟಿಸಿದರು ಎಂಬ ಮಾತು ಊರಲ್ಲಿದೆ. ನಿಜವೋ ಸುಳ್ಳೋ, ಆ ಕಾಲದ ಕಾಗದ ಹೊರಗೆ ಬಂದರೆ ತಾನೇ ತಿಳಿಯೋದು? ಆ ಕ್ಲಬ್ಬಿನ ಜಾಗ ಮಹಾರಾಜರು ಕೊಟ್ಟದ್ದು, ಏಳೂವರೆ ಎಕರೆ. ಆ ಕಾರಣಕ್ಕೇ ಅದು ಮಾಹಿತಿ ಹಕ್ಕಿನ ಕಾಯ್ದೆಗೆ ಒಳಪಡುತ್ತದೆ ಅಂತ 2024ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು.

ಪೇಟದ ಮಾತು ಬಂತು ಅಂತ ಇನ್ನೊಂದು. ಪಕ್ಕದ ತಮಿಳುನಾಡಿನಲ್ಲಿ 2014ರಲ್ಲಿ ಪಂಚೆ ಉಟ್ಟಿದ್ದ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ಕ್ಲಬ್ಬಿನೊಳಗೆ ಬಿಡಲಿಲ್ಲ. ಅದೇ ವರ್ಷ ಅಲ್ಲಿನ ಸರ್ಕಾರ ಕಾನೂನು ತಂದಿತು. ಪಂಚೆ ಉಟ್ಟವರನ್ನು ತಡೆಯುವಂತಿಲ್ಲ ಅಂತ. ಇಲ್ಲೂ ಅಂಥದ್ದು ಬೇಕು, ಅಲ್ವಾ?

ಕ್ಲಬ್ಬುಗಳನ್ನು ಮುಚ್ಚಿ ಅಂತ ನಾನು ಕೇಳುತ್ತಿಲ್ಲ. ಆ ಹಳೆಯ ಮರಗಳು, ಹೆಂಚಿನ ವರಾಂಡಗಳು ಉಳಿದಿರೋದೇ ಅವು ಕ್ಲಬ್ಬುಗಳಾಗಿ ಇದ್ದದ್ದರಿಂದ. ಇಲ್ಲದಿದ್ದರೆ ಯಾವತ್ತೋ ಅಲ್ಲಿ ಮಾಲ್ ಎದ್ದಿರುತ್ತಿತ್ತು. ನಾನು ಕೇಳೋದು ಇಷ್ಟೇ. ಐವತ್ತು ವರ್ಷಕ್ಕಿಂತ ಹಳೆಯ ಸಭೆಯ ಪುಸ್ತಕ, ಸಂಬಳದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿ ಒಂದು ಪ್ರತಿಯನ್ನು ರಾಜ್ಯ ಪತ್ರಾಗಾರಕ್ಕೆ ಕೊಡಲಿ. ಬೀರುಗಳಲ್ಲಿ ಸುಮ್ನೆ ಗೆದ್ದಲು ಹಿಡಿಯೋದು ಯಾಕೆ? ವರ್ಷಕ್ಕೆ ಒಂದು ಭಾನುವಾರ ಗೇಟು ತೆಗೆಯಲಿ. ಬಟ್ಲರ್, ಅಡುಗೆಯವರು, ಮಾಲಿ, ಮಾರ್ಕರ್, ಟೆನಿಸ್ ಚೆಂಡು ಹೆಕ್ಕುತ್ತಿದ್ದ ಹುಡುಗರು, ಎಲ್ಲರ ಹೆಸರೂ ಒಂದು ಗೋಡೆಯ ಮೇಲೆ ಬರಲಿ.

ಅಂಥ ಗೋಡೆಯನ್ನು ಯಾವ ಕ್ಲಬ್ಬು ಮಾಡಿದರೂ ಸರಿ, ನಮ್ಮ ಮನೆಯಿಂದ ಎರಡು ವಸ್ತು ಕೊಡುತ್ತೇನೆ. ತಾತನ ಬಿಳಿ ಕೋಟಿನ ಒಂದು ಹಿತ್ತಾಳೆ ಗುಂಡಿ. ಮತ್ತೆ, ಅವರ ಟ್ರಂಕಿನ ತಳದಲ್ಲಿ ಸಿಕ್ಕ ಒಂದು ಹಳೆಯ ಚೀಟಿ. ಅದರಲ್ಲಿರೋದು ಕೊಕ್ಕರೆ ಕಾಲಿನ ಸೈನು.

ಇಂತಿ,
ನಿಮ್ಮ ಹಳೆಯ ಓದುಗ,
ಬೆಂಗಳೂರು