ಬಿಡುವಿನಲ್ಲಿ ಎದ್ದು ಹೋಗು, ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಎರಡು ಸಲ ಓದಿದೆ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು, ಮಕ್ಕಳು ಹೊಂದಿಕೊಂಡಿದ್ದಾರೆ ಅಂತ ಬರೆದಿದ್ದೀಯ. ಓದಿ ಹೊಟ್ಟೆ ತಣ್ಣಗಾಯಿತು. ಆದರೆ ನಡುವೆ ಒಂದು ಮಾತು ಬರೆದಿದ್ದೀಯಲ್ಲ, ಅದು ಮನಸ್ಸಿನಿಂದ ಹೋಗುತ್ತಿಲ್ಲ. 'ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಹೋಗೋದಿಲ್ಲ ದೊಡ್ಡಮ್ಮ, ಕ್ಲಾಸಲ್ಲೇ ಕೂತು ನೋಟ್‌ಬುಕ್ ತಿದ್ದಿಬಿಡ್ತೀನಿ, ಕೆಲಸ ಮುಗಿಯುತ್ತೆ.'

ನೋಟ್‌ಬುಕ್ ತಿದ್ದುವುದು ಯಾವತ್ತೂ ಮುಗಿಯುವುದಿಲ್ಲ ಮಗಳೇ. 34 ವರ್ಷ ಗಣಿತ ಕಲಿಸಿ ನಿವೃತ್ತಳಾದವಳು ಹೇಳುತ್ತಿದ್ದೇನೆ. ಅಷ್ಟು ವರ್ಷ ತಿದ್ದಿದ ಪುಸ್ತಕಗಳಲ್ಲಿ ಒಂದೂ ಇವತ್ತು ನನ್ನ ಹತ್ತಿರ ಇಲ್ಲ. ಮೂವರು ಗೆಳತಿಯರಿದ್ದಾರೆ. ಮೂವರೂ ಶಾಲೆಯಲ್ಲೇ ಸಿಕ್ಕವರು.

ಅವರಲ್ಲಿ ಒಬ್ಬರು ವಿಜ್ಞಾನದ ಮೇಡಂ. ನನಗಿಂತ ಆರು ವರ್ಷ ದೊಡ್ಡವರು. ಇವತ್ತಿಗೂ ನಾವು ಒಬ್ಬರನ್ನೊಬ್ಬರು ಮೇಡಂ ಅಂತಲೇ ಕರೆಯುವುದು. ಅವರು ಗೆಳತಿಯಾದದ್ದು ಹೇಗೆ ಅಂತ ನಿನಗೆ ಹೇಳಲೇಬೇಕು.

ನನ್ನ ಮೊದಲ ವರ್ಷ. ಭಿನ್ನರಾಶಿಯ ಭಾಗಾಕಾರ ಮಾಡುತ್ತಿದ್ದೆ. 3ನ್ನು ಅರ್ಧದಿಂದ ಭಾಗಿಸಿದರೆ 6 ಅಂತ ಬೋರ್ಡಿನ ಮೇಲೆ ಬರೆದೆ. ಒಬ್ಬ ಹುಡುಗ ಎದ್ದು ನಿಂತ. 'ಭಾಗ ಮಾಡಿದ್ರೆ ಕಡಿಮೆ ಆಗ್ಬೇಕಲ್ವಾ ಮಿಸ್, ಜಾಸ್ತಿ ಯಾಕಾಯ್ತು?' ನನಗೆ ಲೆಕ್ಕ ಮಾಡಲು ಬರುತ್ತಿತ್ತು, ಯಾಕೆ ಅಂತ ಹೇಳಲು ಬರುತ್ತಿರಲಿಲ್ಲ. 'ತಿರುಗಿಸಿ ಗುಣಿಸಬೇಕು, ಅದು ನಿಯಮ, ಬರ್ಕೋ' ಅಂದೆ. ಬರೆದುಕೊಂಡ. ಮುಖ ಮಾತ್ರ ಬಾಡಿತ್ತು.

ಸಂಜೆ ಗಂಟೆ ಹೊಡೆದ ಮೇಲೂ ನಾನು ಕ್ಲಾಸಲ್ಲೇ ಕೂತಿದ್ದೆ. ಪಕ್ಕದ ಕ್ಲಾಸಿನಿಂದ ಅವರು ಬಂದರು. ಗೋಡೆಯಾಚೆ ಎಲ್ಲ ಕೇಳಿಸಿತ್ತು ಅಂತ ಕಾಣುತ್ತದೆ. ಏನೂ ಕೇಳಲಿಲ್ಲ. ಮೇಜಿನ ಮೇಲಿದ್ದ ಒಂದು ಹಳೆಯ ಹಾಳೆಯಿಂದ ಮೂರು ಪಟ್ಟಿ ಹರಿದರು. ಒಂದೊಂದನ್ನೂ ಮಧ್ಯಕ್ಕೆ ಮಡಚಿ, ಉಗುರಿನಿಂದ ಗೆರೆ ತೀಡಿ, ಬಿಚ್ಚಿ ನನ್ನ ಮುಂದಿಟ್ಟರು. 'ಇದರಲ್ಲಿ ಅರ್ಧ ಎಷ್ಟಿವೆ, ಎಣಿಸಿ ಮೇಡಂ.' ಆರು. 'ಮೂರರಲ್ಲಿ ಅರ್ಧಗಳು ಎಷ್ಟು ಸಿಗುತ್ತವೆ ಅಂತಲೇ ತಾನೇ ಆ ಹುಡುಗನನ್ನು ನೀವು ಕೇಳಿದ್ದು?' ಅಂದರು. ಆಮೇಲೆ, 'ನಾಳೆ ಮೂರನೇ ಪೀರಿಯಡ್ ನನಗೆ ಬಿಡುವು. ಬಂದು ಹಿಂದೆ ಕೂತ್ಕೊಳ್ಲಾ?'

ಕೇಳಿದ ರೀತಿ ನೋಡು. 'ನಿಮ್ಮ ಕ್ಲಾಸು ನೋಡ್ತೀನಿ' ಅನ್ನಲಿಲ್ಲ.

ಮರುದಿನ ಆ ಹುಡುಗನಿಗೆ ಎಲ್ಲರ ಮುಂದೆ ಹೇಳಿದೆ, 'ನಿನ್ನೆ ನಿನ್ನ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ, ಇವತ್ತು ಕೊಡ್ತೀನಿ.' ಎಲ್ಲರಿಗೂ ಪಟ್ಟಿ ಹಂಚಿದೆ. ಕೊನೆಯ ಬೆಂಚಿನಲ್ಲಿ ಮಕ್ಕಳ ಜೊತೆ ಮೇಡಂ ಕೂಡ ಮಡಚುತ್ತಿದ್ದರು. ಪಾಠ ಮುಗಿದ ಮೇಲೆ ಒಂದೇ ಒಂದು ಮಾತು ಹೇಳಿದರು. 'ಎಡಗಡೆ ಸಾಲಿನ ಕಡೆ ನೀವು ಒಂದ್ಸಲವೂ ತಿರುಗಲಿಲ್ಲ.' ಆವತ್ತಿನಿಂದ ನಿವೃತ್ತಿಯ ದಿನದವರೆಗೆ ಪ್ರತಿ ಕ್ಲಾಸಿನಲ್ಲೂ ನಾನು ಮೊದಲು ನೋಡಿದ್ದು ಎಡಗಡೆ ಸಾಲನ್ನೇ.

ಹೀಗೆ ಒಬ್ಬರ ಪಾಠಕ್ಕೆ ಇನ್ನೊಬ್ಬರು ಬಂದು ಕೂರುವುದು ಜಪಾನಿನ ಶಾಲೆಗಳಲ್ಲಿ ನೂರು ವರ್ಷಕ್ಕೂ ಹಳೆಯ ಪದ್ಧತಿಯಂತೆ, ನಾನು ಓದಿ ತಿಳಿದದ್ದು ಬಹಳ ತಡವಾಗಿ. 'ಜುಗ್ಯೋ ಕೆಂಕ್ಯೂ' ಅನ್ನುತ್ತಾರೆ. ಶಿಕ್ಷಕರು ಸೇರಿ ಒಂದು ಪಾಠ ಸಿದ್ಧಪಡಿಸುತ್ತಾರೆ. ಒಬ್ಬರು ಕಲಿಸುತ್ತಾರೆ, ಉಳಿದವರು ಕೂತು ಮಕ್ಕಳನ್ನು ಗಮನಿಸುತ್ತಾರೆ. ಆಮೇಲೆ ಚರ್ಚೆ. ಚರ್ಚೆ ಪಾಠದ ಬಗ್ಗೆ, ಕಲಿಸಿದವರ ಬಗ್ಗೆ ಅಲ್ಲ. ನಮಗೆ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಮೇಡಂಗೆ ಅದು ತಾನಾಗೇ ಬಂದಿತ್ತು.

ನಿನಗೆ ಇನ್ನೊಂದು ಲೆಕ್ಕ ಹೇಳಬೇಕು. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವವರು 2018ರಲ್ಲಿ ಸ್ನೇಹದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಪರಿಚಯದವರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ ಜೊತೆಗೆ ಕಳೆಯಬೇಕು, ಆಪ್ತರಾಗಲು 200 ಗಂಟೆಗೂ ಜಾಸ್ತಿ ಬೇಕು ಅಂತ ಅವರು ಕಂಡುಕೊಂಡರು. ದಿನಕ್ಕೆ ಅರ್ಧ ಗಂಟೆ ಬಿಡುವು, ವರ್ಷಕ್ಕೆ 200 ದಿನ ಶಾಲೆ ಅಂತ ಇಟ್ಟುಕೋ. 100 ಗಂಟೆ ಆಯಿತು. ಎರಡು ವರ್ಷ ದಿನಾ ಜೊತೆಗೆ ಕೂತರೆ ಒಬ್ಬ ಆಪ್ತ ಗೆಳತಿ. ಆದರೆ ಕೆಲಸ ಮಾಡುತ್ತಾ ಜೊತೆಗಿರುವ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ ಅಂತಲೂ ಅವರೇ ಹೇಳಿದ್ದಾರೆ. ಹಾಗಾಗಿ ಸ್ಟಾಫ್ ರೂಮಿಗೆ ನೋಟ್‌ಬುಕ್ಕಿನ ಕಟ್ಟು ಹೊತ್ತುಕೊಂಡು ಹೋಗಬೇಡ. ಸುಮ್ನೆ ಹೋಗಿ ಕೂತ್ಕೋ. ಅವರ ಮನೆಯ ಸುದ್ದಿ ಕೇಳು, ನಿನ್ನದು ಹೇಳು.

ಒಂದು ಎಚ್ಚರ ಮಾತ್ರ ಇರಲಿ. ಮಕ್ಕಳನ್ನು ಆಡಿಕೊಳ್ಳುತ್ತಾ ಬೆಳೆದ ಸ್ನೇಹ ನಿಲ್ಲುವುದಿಲ್ಲ. 'ಆ ಕ್ಲಾಸು ಉದ್ಧಾರ ಆಗಲ್ಲ ಬಿಡಿ' ಅಂತ ಶುರುವಾದ ಕಡೆಯಿಂದ ಮೆಲ್ಲಗೆ ಎದ್ದು ಬಾ.

ಮನಸ್ತಾಪವೂ ಬರುತ್ತದೆ. ನಮ್ಮಿಬ್ಬರ ನಡುವೆಯೂ ಬಂತು. ಒಂದು ವರ್ಷ ಮೇಲಿನವರು ಗಣಿತದ ಫಲಿತಾಂಶ, ವಿಜ್ಞಾನದ ಫಲಿತಾಂಶ ಎರಡನ್ನೂ ಅಕ್ಕಪಕ್ಕ ಬರೆದು ಮೀಟಿಂಗಿನಲ್ಲಿ ಓದಿದರು. ನನ್ನದು ಕಡಿಮೆ. ಮೇಡಂದು ಏನೂ ತಪ್ಪಿರಲಿಲ್ಲ. ಆದರೂ ಐದಾರು ತಿಂಗಳು ನಾನು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಆ ದಿನಗಳಲ್ಲೇ ಅಮ್ಮ, ಅಂದರೆ ನಿನ್ನ ಅಜ್ಜಿ, ಹಾಸಿಗೆ ಹಿಡಿದರು. ಎರಡು ವಾರ ರಜೆ ಹಾಕಿದೆ. ವಾಪಸ್ ಬಂದಾಗ ನನ್ನ ಪಾಠ ಹಿಂದೆ ಬಿದ್ದಿರಲೇ ಇಲ್ಲ. ಮೇಜಿನ ಡ್ರಾಯರಿನಲ್ಲಿ ಒಂದು ಚೀಟಿ ಇತ್ತು. 'ಏಳನೇ ಪಾಠ ಮುಗಿದಿದೆ. ಕೊನೆ ಬೆಂಚಿನ ಮೂವರಿಗೆ ಇನ್ನೊಂದ್ಸಲ ಹೇಳಬೇಕು. ಅಮ್ಮ ಹೇಗಿದ್ದಾರೆ?' ಬಿಡುವಿನ ಪೀರಿಯಡ್ಡುಗಳನ್ನೆಲ್ಲ ನನ್ನ ಕ್ಲಾಸಿಗೆ ಕೊಟ್ಟಿದ್ದರು. ಯಾರೂ ಹೇಳಿರಲಿಲ್ಲ, ನಾನಂತೂ ಕೇಳಿರಲಿಲ್ಲ. ಆ ಚೀಟಿ ಹಿಡಿದುಕೊಂಡು ನೇರ ಪಕ್ಕದ ಕ್ಲಾಸಿಗೆ ಹೋದೆ. ಮಾತು ಹೊರಡಲಿಲ್ಲ. ಅವರು ಪಾಠ ನಿಲ್ಲಿಸಿ ಬಾಗಿಲ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು.

ಹೋದ ತಿಂಗಳು ಫೋನ್ ಮಾಡಿ ಆ ಕಾಗದದ ಪಟ್ಟಿಗೆ ಕೊನೆಗೂ ಥ್ಯಾಂಕ್ಸ್ ಹೇಳಿದೆ. 'ಯಾವ ಪಟ್ಟಿ ಮೇಡಂ?' ಅಂದರು. ಅವರಿಗೆ ನೆನಪೇ ಇಲ್ಲ! ಅವರಿಗೆ ನೆನಪಿರುವುದು ಬೇರೆ. ಅವರ ಮಗ ಪರೀಕ್ಷೆಯಲ್ಲಿ ಫೇಲಾದ ದಿನ ನಾನು ಏನೂ ಮಾತಾಡದೆ ಸಂಜೆಯವರೆಗೆ ಅವರ ಪಕ್ಕದಲ್ಲೇ ಕೂತಿದ್ದೆನಂತೆ. ನನಗೆ ಅದು ಮರೆತೇಹೋಗಿತ್ತು. ಇಬ್ಬರೂ ಸ್ವಲ್ಪ ಹೊತ್ತು ಫೋನ್ ಹಿಡಿದುಕೊಂಡು ಸುಮ್ಮನಿದ್ದೆವು.

ನಾಲ್ಕು ಪುಟದ ಪತ್ರ ಬರೆದಿದ್ದೀಯ ಪುಟ್ಟಿ. ಮಕ್ಕಳ ಹೆಸರೆಲ್ಲ ಇವೆ. ನಿನ್ನ ಪಕ್ಕದ ಕ್ಲಾಸಿನಲ್ಲಿ ಪಾಠ ಮಾಡುವವರ ಹೆಸರು ಮಾತ್ರ ಎಲ್ಲೂ ಇಲ್ಲ. ಮುಂದಿನ ಪತ್ರದಲ್ಲಿ ಬರಿ. ಅವರಿಗೆ ಯಾವ ಪೀರಿಯಡ್ ಬಿಡುವು ಅನ್ನೋದನ್ನೂ ಬರಿ.

ನಿನ್ನ ಪ್ರೀತಿಯ
ದೊಡ್ಡಮ್ಮ