ಇಂಡುವಾಳು ಹತ್ತಿರ ಸಿಕ್ಕ ಅಣ್ಣನಿಗೆ

ಅಣ್ಣಾ, ನಿಮ್ಮ ಹೆಸರು ಕೇಳೋದೇ ಮರೆತೆ. ಭಾನುವಾರ ಇಂಡುವಾಳು ಹತ್ತಿರ ನನ್ನ ಹಳೇ ಕಾರಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿತು, ಹಿಂದೆಯೇ ಟೆಂಪರೇಚರ್ ಮುಳ್ಳೂ ಮೇಲೇರಿತು. ಮಂಡ್ಯ ಬಂತಲ್ಲ ಅಂತ ಓಡಿಸುತ್ತಲೇ ಇದ್ದೆ (ನನ್ನ ಬುದ್ಧಿಗೆ ಏನನ್ನಬೇಕು!), ಕೊನೆಗೆ ಹೊಗೆ ಕಂಡು ನಿಲ್ಲಿಸಿದೆ. ಹುಲ್ಲಿನ ಹೊರೆ ಸಮೇತ ಮೊಪೆಡ್ ನಿಲ್ಲಿಸಿ ಬಂದ ನೀವು, 'ಎರಡೂ ಒಟ್ಟಿಗೆ ಅಂದ್ರೆ ಬೆಲ್ಟು ಕಿತ್ತೋಗದೆ ಕಣ್ ಸಾ' ಅಂದ್ರಿ. ಬಾನೆಟ್ ಎತ್ತಿದರೆ ಹಾಗೇ ಆಗಿತ್ತು. ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್, ಎಂಜಿನ್ ತಣ್ಣಗಿಡೋಕೆ ನೀರು ಹರಿಸೋ ವಾಟರ್ ಪಂಪ್ ಎರಡನ್ನೂ ತಿರುಗಿಸೋದು ಆ ಒಂದೇ ಬೆಲ್ಟಂತೆ. ಬಿಸಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದವನನ್ನು ನೀವು ತಡೆಯದಿದ್ದರೆ ಕುದಿನೀರು ಮುಖಕ್ಕೇ ಎರಚುತ್ತಿತ್ತು. ಮಂಡ್ಯಕ್ಕೆ ಹೋಗಿ ಬೆಲ್ಟ್ ತಂದು ಹಾಕಿಕೊಟ್ಟು, ಬಿಲ್ಲಿನ ಮೇಲೆ ಒಂದು ರೂಪಾಯಿ ಮುಟ್ಟಲಿಲ್ಲ. ತುಂಬಾ ಉಪಕಾರ ಆಯ್ತು. ನಿಮ್ಮ 12ರ ಸ್ಪ್ಯಾನರ್ ನನ್ನ ಡಿಕ್ಕಿಯಲ್ಲೇ ಉಳಿದಿದೆ, ಅಣ್ಣಾ.